ರೇಡಿಯೋಗೆ ಬಿಗಿದ ಬೆಲ್ಟು

ಶ್ರವಣಬೆಳಗೊಳ, ೧೯೫೭

ತಮ್ಮಾ ನೇಮಣ್ಣ,

ಬರ್ಮಾ ಯುದ್ಧಕ್ಕೆ ಹೋದ ನೀನು ಇನ್ನು ಬರುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ನಿನ್ನ ಭಾವ ಹರಾಜಿನಲ್ಲಿ ಹಳೇ ಮಿಲಿಟರಿ ಜೀಪೊಂದನ್ನು ಹಿಡಿದಿದ್ದಾರೆ. ಇವತ್ತು ಚನ್ನರಾಯಪಟ್ಟಣದ ರೇಡಿಯೋ ರಿಪೇರಿಯ ಹೊನ್ನಯ್ಯ ಬಂದು ಅದಕ್ಕೆ ರೇಡಿಯೋ ಕೂರಿಸಿ, ಹಿಂದುಗಡೆ ಆಳೆತ್ತರದ ಏರಿಯಲ್ ಕಡ್ಡಿ ನಿಲ್ಲಿಸಿದ. ಸೆಟ್ಟು ಬಿಗಿಯಲು ಚರ್ಮದ ಪಟ್ಟಿ ಕೇಳಿದ. ಬಸದಿಗೆ ಹೋಗುವ ಗಾಡಿಗೆ ಚರ್ಮ ಬೇಡವೆಂದು ನೂಲಿನ ಹಗ್ಗ ಕೊಟ್ಟೆ. ಬೀದಿಯಲ್ಲಿ ಓಡಿಸಿ ನೋಡಿದಾಗ ಮೊದಲ ಹಳ್ಳದಲ್ಲೇ ಸೆಟ್ಟು ಜಾರಿತು.

"ಇಂಗಾದ್ರೆ ರೇಡಿಯೋನ ನೀವೇ ತೊಡೆ ಮ್ಯಾಲೆ ಕೂರಿಸ್ಕಂಡು ಓಗ್ಬೇಕು ಕಣಮ್ಮಾವ್ರೇ!" ಅಂದ.

ಕೊಟ್ಟಿಗೆಯ ಮೊಳೆಯಲ್ಲಿ ನಿನ್ನ ಮಿಲಿಟರಿ ಬೆಲ್ಟು ಹಾಗೇ ಇತ್ತು. ನೀನು ರಜೆಯ ಮೇಲೆ ಬಂದಿದ್ದಾಗ, ಪೂಜೆಯ ದಿನ, ಚರ್ಮ ಹೊರಗಿಟ್ಟು ಒಳಗೆ ಬಾ ಅಂದಿದ್ದೆ. ನೀನು ಬೆಲ್ಟು ಅಲ್ಲಿ ನೇತುಹಾಕಿ, ಒಳಗೆ ಬರದೆ ಬಸ್ಸು ಹತ್ತಿದೆ. ನಿನಗೆಂದೇ ನಾನು ಪಾಯಸ ಮಾಡಿದ್ದೆ.

ಆ ಬೆಲ್ಟಿಗೇ ಎಣ್ಣೆ ಸವರಿ ಕೊಟ್ಟೆ. ಜಿನನಾಥಪುರದ ಬಸದಿಗೆ ಹೋಗಿ ಬರುವವರೆಗೂ ಸೆಟ್ಟು ಅಲುಗಲಿಲ್ಲ. ದಾರಿಯುದ್ದಕ್ಕೂ ಹಾಡು ಕೇಳಿದೆವು, ಮನಸ್ಸು ತುಂಬಿತು.

ನಿನ್ನ ಭಾವ ಜೀಪನ್ನು ಬೀದಿಯಲ್ಲೇ ನಿಲ್ಲಿಸಲು ಹೋದರು. ಬೇಡ, ಹೆಬ್ಬಾಗಿಲು ತೆಗೆದು, ಬೆಲ್ಟಿನ ಸಮೇತ ಒಳಗಿನ ಅಂಗಳಕ್ಕೇ ತನ್ನಿ ಅಂದೆ.

ನಿನ್ನ ಅಕ್ಕ,
ಅನಂತಮತಿ