ಭಾವನ ಮಂಡಿಯ ಸರ

ಅಕ್ಕಾ, ಕೂತುಕೊಂಡು ಓದು.

ಆಪರೇಷನ್ ಬೇಕೋ ಬೇಡವೋ ಎಂದು ಇಲ್ಲಿನ ಮೂಳೆ ಡಾಕ್ಟರನ್ನು ಕೇಳಲು ಭಾವ ಕೊಟ್ಟಿದ್ದ ಎಕ್ಸ್‌ರೇ ಈಗ ಸರವಾಗಿದೆ. ನಾನು ಒಡವೆ ಮಾಡಲು ಕಲಿಯುತ್ತಿರುವ ಕಡೆ ಚಿನ್ನವನ್ನು ಯಾರೂ ಮುಟ್ಟುವುದಿಲ್ಲ. ಸೈಕಲ್ ಟ್ಯೂಬು, ಹಳೆಯ ಜಿಪ್ಪು, ಮೊಟ್ಟೆಯ ಚಿಪ್ಪು ಇದ್ದರೆ ಸಾಕು. ಉದ್ದ ಮೇಜಿನ ಮೇಲಿಟ್ಟದ್ದನ್ನು ಯಾರು ಬೇಕಾದರೂ ಕತ್ತರಿಸಬಹುದು ಎಂಬುದು ಇಲ್ಲಿನ ನಿಯಮ. ಮರೆತು ಎಕ್ಸ್‌ರೇ ಕವರನ್ನು ಅಲ್ಲಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಟೀಚರಮ್ಮ ಅದನ್ನು ಹನ್ನೊಂದು ಎಲೆಗಳಾಗಿ ಕತ್ತರಿಸಿ ಪೋಣಿಸಿಬಿಟ್ಟಿದ್ದರು.

“ಅಯ್ಯೋ, ಅದು ನಮ್ಮ ಭಾವನ ಮಂಡಿ!” ಎಂದೆ.

“ಒಂದೇನಾ? ಇನ್ನೊಂದೂ ತಂದಿದ್ರೆ ಓಲೆನೂ ಆಗ್ತಿತ್ತಲ್ರೀ,” ಎಂದರು.

ಬೇರೆ ದಾರಿ ಕಾಣದೆ ಸರ ಹಾಕಿಕೊಂಡೇ ಡಾಕ್ಟರ ಹತ್ತಿರ ಹೋದೆ. “ಎಲ್ಲಿ ನೋವು?” ಎಂದರು. ಕೊರಳಿನಿಂದ ಬಿಚ್ಚಿ ಕೊಟ್ಟೆ. ಅವರು ನಗಲಿಲ್ಲ. ದೀಪದ ಹಲಗೆಯ ಮೇಲೆ ಎಲೆಗೆ ಎಲೆ ಹೊಂದಿಸಿ ಹತ್ತು ನಿಮಿಷ ನೋಡಿದರು.

“ಸವೆದಿರೋದು ಸ್ವಲ್ಪವೇ. ಆಪರೇಷನ್ ಏನೂ ಬೇಡ. ಕೂತೂ ಕೂತೂ ಹಿಡ್ಕೊಂಡಿದೆ, ದಿನಾ ನಡೀಲಿ.”

ಸರವನ್ನು ಅವರ ನರ್ಸ್ ಇನ್ನೂ ವಾಪಸು ಕೊಟ್ಟಿಲ್ಲ. ನನಗೆ ನೆಗಡಿ ಬಿಟ್ಟರೆ ಬೇರೇನೂ ತೊಂದರೆಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು.

ಭಾವ, ಅಕ್ಕನ ಹೆಸರಿಗೆ ಬಂದದ್ದನ್ನೆಲ್ಲ ನೀವೇ ಮೊದಲು ಓದುವುದು ನನಗೆ ಗೊತ್ತು. ಇನ್ನು ಎದ್ದು, ಮಹಡಿ ಹತ್ತಿ, ಇದನ್ನು ಅವಳ ಕೈಗೆ ಕೊಡಿ.

ತಂಗಿ