ನಾವಿಬ್ಬರೂ ನೋಡಿದ ಕರಿಮುದ್ರೆ

ಬೆಳುವಾಯಿ
ಶನಿವಾರ, 15 ನವೆಂಬರ್ 2025

ಪ್ರೀತಿಯ ಚಿತ್ರಾ,

ಹೇಗಿದ್ದಿ? ನಿನ್ನೆ ಕೋರ್ಟಿನ ಮೆಟ್ಟಿಲ ಮೇಲೆ ಹಾಗೆ ಕುಸಿದು ಕುಳಿತವಳು, ಕೋಣೆಗೆ ಹೋಗಿ ಒಂದು ತುತ್ತಾದರೂ ಉಂಡೆಯೋ ಇಲ್ಲವೋ ಎಂದು ನಾನು ಬಟ್ಟಲ ಮುಂದೆ ಕೂತಾಗ ನೆನಪಾಯಿತು. ನನಗೆ ಊಟ ಚೆನ್ನಾಗಿಯೇ ಸೇರಿತು, ಸುಳ್ಳು ಯಾಕೆ ಹೇಳಲಿ. ನಿನಗೆ ಮೊದಲೇ ರಕ್ತ ಕಡಿಮೆ. ಮಗಳು ತೃಪ್ತಿ ಹೊಟ್ಟೆಯಲ್ಲಿದ್ದಾಗ ಡಾಕ್ಟ್ರು ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ನೀನು ಕಿಟಕಿಯಿಂದ ಬಾಳೆಬುಡಕ್ಕೆ ಎಸೆಯುತ್ತಿದ್ದದ್ದು ನನಗೆ ಆಗಲೇ ಗೊತ್ತಿತ್ತು, ಹೇಳಿರಲಿಲ್ಲ ಅಷ್ಟೆ. ಈಗಲಾದರೂ ಸರಿಯಾಗಿ ತಗೋ. ನಿನ್ನ ಕೋಣೆಯ ಯಜಮಾನಿ ನಫೀಸಮ್ಮನವರ ಮೊಣಕಾಲು ನೋವು ಈಗ ಹೇಗುಂಟು? ಒಳ್ಳೆಯ ಹೆಂಗಸಂತೆ, ನೀನು ಕೆಲಸಕ್ಕೆ ಹೋದಾಗ ಮಗುವಿಗೆ ಊಟ ಹಾಕುತ್ತಾರಂತೆ. ಈ ಪತ್ರವನ್ನು ನಮ್ಮ ಡ್ರೈವರ್ ತುಕ್ರಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ, ಜೊತೆಗೆ ಒಂದು ಬಾಟ್ಲಿ ಮಾವಿನಮಿಡಿ ಉಪ್ಪಿನಕಾಯಿ. ವಿಷ ಹಾಕಿಲ್ಲ, ಧೈರ್ಯವಾಗಿ ತಿನ್ನು. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದರಿಂದ ಬರೆಯಬೇಕಾಯಿತು. ಮೂವತ್ತೊಂದು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳಿಗೆ ಬರೆಯುವುದು ಕಷ್ಟವಲ್ಲ. ಓದುವುದು ನಿನಗೆ ಸ್ವಲ್ಪ ಕಷ್ಟವಾದೀತು.

ಮೊದಲು ನಿನ್ನೆಯದ್ದನ್ನೇ ಹೇಳುತ್ತೇನೆ, ಯಾಕೆಂದರೆ ನಿನ್ನ ಮನಸ್ಸು ಇನ್ನೂ ಅಲ್ಲಿಯೇ ನಿಂತಿದೆ ಎಂದು ನನಗೆ ಗೊತ್ತು. ಜಡ್ಜ್ ತೃಪ್ತಿಯೊಬ್ಬಳನ್ನೇ ಒಳಗೆ ಕರೆದರು. ಹತ್ತು ನಿಮಿಷ. ಅಷ್ಟು ಹೊತ್ತು ನೀನು ಬಾಗಿಲನ್ನು ನೋಡುತ್ತಿದ್ದಿ, ನಾನು ನಿನ್ನನ್ನು ನೋಡುತ್ತಿದ್ದೆ. ನಿನ್ನ ಮುಖದಲ್ಲಿ ಭಯವೇ ಇರಲಿಲ್ಲ. ಏಳು ವರ್ಷದ ಮಗು, ಒಂದು ದಿನ ಅಮ್ಮನನ್ನು ಬಿಟ್ಟು ಮಲಗಿದ್ದಲ್ಲ, ಯಾರ ಜೊತೆ ಇರುತ್ತಿ ಎಂದು ಕೇಳಿದರೆ ಅಮ್ಮನ ಹೆಸರಲ್ಲದೆ ಇನ್ಯಾರ ಹೆಸರು ಹೇಳೀತು ಎಂಬ ನಂಬಿಕೆ. ಅದು ಅಜ್ಜಿಯ ಮನೆಗೆ ಹೋಗುತ್ತೇನೆ ಎಂದಿತು. ಮೂರು ಸಲ ತಿರುಗಿಸಿ ಕೇಳಿದರಂತೆ, ಮೂರು ಸಲವೂ ಅದೇ ಉತ್ತರ. ಮುಂದಿನ ತೀರ್ಪಿನ ತನಕ ಮಗು ತಂದೆಯ ಮನೆಯಲ್ಲಿರಲಿ, ಸೋಮವಾರ ಒಪ್ಪಿಸಿ ಎಂದು ಆದೇಶವಾಯಿತು. ಹೊರಗೆ ಬಂದ ಮೇಲೆ ನೀನು ಅದರ ಎರಡೂ ಭುಜ ಹಿಡಿದು "ಯಾಕೆ ಮಗಾ, ಅಮ್ಮ ಎಂತ ಮಾಡಿದ್ದೇನೆ ನಿಂಗೆ?" ಎಂದು ಕೇಳಿದಿ. ಅದು ತನ್ನ ಶೂಸನ್ನು ನೋಡುತ್ತಾ ನಿಂತಿತು. ಉಜ್ವಲ ಕೂಡ ಮುಖ ತಿರುಗಿಸಿಕೊಂಡ. ನನ್ನ ಮಗನಿಗೆ ಗೆದ್ದದ್ದು ಗೊತ್ತು, ಹೇಗೆ ಗೆದ್ದದ್ದೆಂದು ಗೊತ್ತಿಲ್ಲ.

ನಿನ್ನ ಮಾವ ತೀರಿಕೊಂಡ ವರ್ಷ ನೆನಪುಂಟಾ? ಉಜ್ವಲ ಮೂಡಬಿದಿರೆಯ ಹೋಟೆಲು ಮುಚ್ಚಿ ಬರುವಾಗ ಹತ್ತು ಗಂಟೆಯಾಗುತ್ತಿತ್ತು. ಸಂಜೆಯಾಯಿತೆಂದರೆ ಮನೆಯಲ್ಲಿ ನಾನು, ನೀನು, ಮಗು, ಮತ್ತೆ ಟಿವಿ. "ಕರಿಮುದ್ರೆ" ಧಾರಾವಾಹಿ ಶುರುವಾದದ್ದು ಆಗ. ಒಂದು ಕಡೆ "ನೆರಳು" ಎಂಬ ಗುಪ್ತಚರ ದಳ, ಸರಕಾರದ್ದೇ ಆದರೂ ಸರಕಾರಕ್ಕೇ ಗೊತ್ತಿಲ್ಲದ್ದು. ಇನ್ನೊಂದು ಕಡೆ "ಕರಿಮುದ್ರೆ" ಎಂಬ ಪಾತಕಿಗಳ ಕೂಟ. ಯಾರ ಹೆಸರು ಇವರ ಪಟ್ಟಿಗೆ ಬಂತೋ ಅವರ ಬಾಗಿಲಿಗೆ ಒಂದು ಕಪ್ಪು ಮೊಹರು ಬೀಳುತ್ತದೆ, ಮೂರನೆಯ ದಿನ ಆ ಮನೆಯಲ್ಲಿ ಹೆಣ. ನೀನು ನೆರಳಿನ ಪಕ್ಷ, ನಾನು ಕರಿಮುದ್ರೆಯ ಪಕ್ಷ. ನೆರಳಿನವರು ಪ್ರತಿ ಕಂತಿನಲ್ಲೂ ತಮ್ಮತಮ್ಮಲ್ಲೇ ಜಗಳಾಡುತ್ತಾರೆ, ಅಳುತ್ತಾರೆ, ಪ್ರೀತಿ ಮಾಡುತ್ತಾರೆ, ನಡುವೆ ಪುರುಸೊತ್ತಾದರೆ ದೇಶ ಕಾಯುತ್ತಾರೆ; ಕರಿಮುದ್ರೆಯವರಲ್ಲಾದರೆ ಶಿಸ್ತು ಉಂಟು ಎಂದು ನಾನು ಹೇಳಿದಾಗಲೆಲ್ಲ ನೀನು ಬಿದ್ದುಬಿದ್ದು ನಗುತ್ತಿದ್ದಿ. ತೃಪ್ತಿ ನಿನ್ನ ಮಡಿಲಲ್ಲಿ ಕೂತು ಕಣ್ಣು ಮಿಟುಕಿಸದೆ ನೋಡುತ್ತಿತ್ತು. ಆಗ ಅದಕ್ಕೆ ಐದು ತುಂಬಿರಲಿಲ್ಲ. ಬಿಳಿ ಕಾರಿನ ಹೆಂಗಸನ್ನು ಅವಳ ಮಗಳ ಕಣ್ಣೆದುರೇ ಮುಗಿಸಿದ ಕಂತು ಬಂದಾಗ ಎರಡು ದಿನ ಅನ್ನ ಬಿಟ್ಟಿತ್ತು ಮಗು. ಇದನ್ನೆಲ್ಲ ಅದಕ್ಕೆ ತೋರಿಸಬೇಡ ಎಂದು ನಾನು ಹೇಳಿದ್ದೆ. "ಕತೆ ಅಲ್ವಾ ಅತ್ತೆ, ಎಂತ ಆಗುದಿಲ್ಲ" ಎಂದವಳು ನೀನು. ನಮ್ಮ ಹೋಟೆಲಿನ ಕ್ಯಾಶಿನಲ್ಲಿ ಕೂತಿದ್ದವಳನ್ನು, ನೆರಿಯದ ಸುಬ್ಬಪ್ಪನ ಮಗಳನ್ನು, ಸೊಸೆಯೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ ಎಂಬುದು ನಿನಗೆ ಗೊತ್ತಿದ್ದದ್ದೇ. ಒಟ್ಟಿಗೆ ಕೂತು ಕರಿಮುದ್ರೆ ನೋಡುತ್ತಾ ಅದೆಲ್ಲ ಮರೆತುಹೋಯಿತು. ಆ ಎರಡು ವರ್ಷ ನನಗೆ ಒಳ್ಳೆಯ ಕಾಲ, ಚಿತ್ರಾ. ನಿನ್ನ ಪಾಲಿಗೆ ಅದು ಏನಾಗಿತ್ತೆಂದು ಆಮೇಲೆ ಗೊತ್ತಾಯಿತು.

ಉಜ್ವಲನ ಕೈ ಸ್ವಲ್ಪ ಮುಂದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಅವನಪ್ಪನದ್ದೂ ಹಾಗೆಯೇ ಇತ್ತು. ನಾನು ತಾಳಿಕೊಂಡೆ, ನೀನೂ ತಾಳಿಕೊಳ್ಳುತ್ತಿ ಎಂದುಕೊಂಡೆ. ಒಳಗಿನ ಕೋಣೆಯಲ್ಲಿ ಅವನ ದನಿ ಏರಿದಾಗ ನಾನು ರಿಮೋಟು ತೆಗೆದುಕೊಂಡು ಟಿವಿಯ ಸೌಂಡು ಏರಿಸಿದ್ದುಂಟು, ಮಗುವಿನ ಕಿವಿಗೆ ಬೀಳದಿರಲಿ ಎಂದು. ನನ್ನ ಕಿವಿಗೂ. ಮೇ ತಿಂಗಳ ಆ ಬುಧವಾರ ಮಧ್ಯಾಹ್ನ ನೀನೂ ಅದೇ ರಿಮೋಟು ಹಿಡಿದಿ. ಎರಡು ಗಂಟೆಯ ಮರುಪ್ರಸಾರಕ್ಕೆ ಟಿವಿ ಹಾಕಿ, ನಾನು ಮಲಗಿದ್ದಲ್ಲಿಗೆ ಕೇಳುವಷ್ಟು ಜೋರು ಮಾಡಿ, ಮಗುವನ್ನು ಕರೆದುಕೊಂಡು ಹಿಂಬಾಗಿಲಿನಿಂದ ಹೋದಿ. ನಾನು ಎದ್ದು ಬಂದಾಗ ನಾಲ್ಕು ಗಂಟೆ. ಬೇರೆ ಯಾವುದೋ ಅಡುಗೆ ಕಾರ್ಯಕ್ರಮ ಬೊಬ್ಬೆ ಹೊಡೆಯುತ್ತಿತ್ತು, ಎದುರಿಗೆ ಯಾರೂ ಇರಲಿಲ್ಲ. ಚಹಾ ನಾನೇ ಮಾಡಿಕೊಂಡೆ.

ನೀನು ಹೋದ ರೀತಿಯನ್ನು ಮೆಚ್ಚಬೇಕು, ಟೀಚರಾಗಿ ಹೇಳುತ್ತೇನೆ. ಫೋನನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿ. ಧರ್ಮಸ್ಥಳಕ್ಕೆ ಟಿಕೇಟು ತೆಗೆದು ವೇಣೂರು ದಾಟಿ ಗುರುವಾಯನಕೆರೆಯಲ್ಲಿ ಇಳಿದಿ, ಅಲ್ಲಿಂದ ಬೇರೆ ಬಸ್ಸು. ತವರಿಗೆ ಹೋಗಲೇ ಇಲ್ಲ. ಉಜ್ವಲ ಎರಡು ಸಲ ನೆರಿಯಕ್ಕೆ ಹೋಗಿ ನಿನ್ನ ಅಪ್ಪನ ಅಂಗಳದಲ್ಲಿ ಕೂಗಾಡಿ ಬಂದ. ನಿನ್ನ ಅಮ್ಮ ಪೂವಮ್ಮ ಅವನ ಕಾಲು ಹಿಡಿದರಂತೆ, ಪಾಪ, ಅವರಿಗೂ ಏನೂ ಗೊತ್ತಿರಲಿಲ್ಲ. ಇದೆಲ್ಲ ಇನ್ನೂರ ಹನ್ನೆರಡನೆಯ ಕಂತು. ನೆರಳಿನ ಹುಡುಗಿ ಶತ್ರುವಿನ ಮನೆಯಿಂದ ತಪ್ಪಿಸಿಕೊಂಡದ್ದು ಹೀಗೆಯೇ ತಾನೆ. ಒಂದನ್ನು ಮಾತ್ರ ನೀನು ಮರೆತಿ: ಆ ಕಂತನ್ನು ನಾನೂ ನಿನ್ನ ಪಕ್ಕದಲ್ಲಿ ಚಕ್ಕುಲಿ ತಿನ್ನುತ್ತಾ ನೋಡಿದ್ದೆ. ಬಸ್ಸಿನ ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ, ಧರ್ಮಸ್ಥಳದ ಟಿಕೇಟು ಎಂದು ಅವನು ಹೇಳಿದ ಕೂಡಲೇ, ಅವಳು ಎಲ್ಲಿ ಹೋದರೂ ಧರ್ಮಸ್ಥಳಕ್ಕಂತೂ ಹೋಗಿಲ್ಲ ಎಂದು ಉಜ್ವಲನಿಗೆ ಹೇಳಿದೆ. ಮತ್ತೆ ನಾನು ಯಾರನ್ನೂ ಹುಡುಕಲು ಕಳಿಸಲಿಲ್ಲ. ಶಾಲೆ ಶುರುವಾಗುವುದನ್ನು ಕಾದೆ. ಧಾರಾವಾಹಿಯ ಗೂಢಚಾರಿಣಿಯರಿಗೆ ಮಕ್ಕಳಿಲ್ಲ, ಅವರಿಗೆ ಟಿ.ಸಿ. ಬೇಕಾಗುವುದಿಲ್ಲ. ನಿನಗೆ ಬೇಕಾಯಿತು. ಜೂನಿನ ಎರಡನೆಯ ವಾರ ಪಾಣೆಮಂಗಳೂರಿನಿಂದ ತೃಪ್ತಿಯ ಟಿ.ಸಿ. ಕೇಳಿ ಪತ್ರ ಬಂತೆಂದು ಇಲ್ಲಿನ ಶಾಲೆಯ ಗುಮಾಸ್ತೆ ನನಗೆ ಫೋನು ಮಾಡಿದಳು. ಅವಳೂ ನನ್ನ ವಿದ್ಯಾರ್ಥಿನಿಯೇ, ಏಳನೆಯಲ್ಲಿ ಕಾಗುಣಿತ ಬರುತ್ತಿರಲಿಲ್ಲ.

ಮಗು ತನಗೆ ಬೇಕೆಂದು ಉಜ್ವಲ ಕೇಸು ಹಾಕಿದಾಗ ಕೋರ್ಟಿನಲ್ಲಿ ನೀನು ಹೊಡೆತದ ವಿಷಯ ಎತ್ತಿದಿ. ಆದರೆ ಒಂದು ದೂರು ಇಲ್ಲ, ಆಸ್ಪತ್ರೆಯ ಚೀಟಿ ಇಲ್ಲ, ಕಂಡವಳು ನಾನೊಬ್ಬಳು, ನಾನು ಕಂಡಿಲ್ಲ ಎಂದೆ. ನೀನು ಆಗ ನನ್ನ ಕಡೆ ತಿರುಗಿ ನೋಡಿದ್ದನ್ನು ಮರೆತಿಲ್ಲ. ಭಾನುವಾರ ಹತ್ತರಿಂದ ಐದರ ತನಕ ಮಗುವನ್ನು ನಮ್ಮಲ್ಲಿಗೆ ಕಳಿಸಬೇಕೆಂದು ಆಗಸ್ಟಿನಲ್ಲಿ ಆದೇಶವಾದಾಗ ನೀನು ಒಪ್ಪಿದಿ. ಒಂದು ದಿನ, ಅಜ್ಜಿಯೂ ಇರುತ್ತಾರೆ, ಇರಲಿ ಎಂದುಕೊಂಡೆಯೋ ಏನೋ. ಉಜ್ವಲ ಭಾನುವಾರ ಹೋಟೆಲಿನಲ್ಲೇ ಇರುತ್ತಾನೆ. ಮಗು ಇದ್ದದ್ದು ನನ್ನ ಜೊತೆ. ಆಮೇಲೆ ಕೋರ್ಟಿನ ಆಪ್ತ ಸಮಾಲೋಚಕಿಯ ಎದುರು ನೀನಾಗಿಯೇ ಬಾಯಿಬಿಟ್ಟಿ: ಮಗು ಈಚೆಗೆ ಹಾಸಿಗೆ ಒದ್ದೆ ಮಾಡುತ್ತದೆ, ಎದ್ದೆದ್ದು ಬಾಗಿಲ ಚಿಲಕ ನೋಡುತ್ತದೆ, ನೀನು ಅಂಗಡಿಗೆ ಹೋದರೂ ಅಳುತ್ತದೆ, ಯಾಕೆಂದು ಹೇಳುವುದಿಲ್ಲ. ಸಹಾಯವಾದೀತೆಂದು ಹೇಳಿದ್ದಿ. ನಮ್ಮ ವಕೀಲರು ಅದನ್ನೇ ಬರೆದುಕೊಂಡು, ಬಾಡಿಗೆ ಕೋಣೆಯಲ್ಲಿ ಮಗುವಿನ ಮನಸ್ಸು ಕೆಡುತ್ತಿದೆ ಎಂದು ವಾದಿಸಿದರು. ಅಲ್ಲಿಯ ತನಕ ನಮ್ಮ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ, ಚಿತ್ರಾ. ಕೊಟ್ಟವಳು ನೀನು.

ನನಗೆ ನಿನ್ನ ಮೇಲೆ ಸಿಟ್ಟು ಉಂಟು, ಅದನ್ನು ಮುಚ್ಚಿಡುವುದಿಲ್ಲ. ಮಗನನ್ನು ಬಿಟ್ಟು ಹೋದದ್ದಕ್ಕಲ್ಲ. ಅವನಪ್ಪನನ್ನು ಬಿಟ್ಟು ಹೋಗಬೇಕೆಂದು ನನಗೂ ಒಂದು ಕಾಲದಲ್ಲಿ ಅನ್ನಿಸಿತ್ತು, ಹೋಗಲು ಧೈರ್ಯವಾಗಲಿಲ್ಲ. ನನ್ನ ಸಿಟ್ಟು ಬೇರೆ. ನನ್ನ ಪಕ್ಕದಲ್ಲಿ ಕೂತು, ನನ್ನ ತಟ್ಟೆಯಿಂದ ಚಕ್ಕುಲಿ ತೆಗೆದು, ನನ್ನ ಮಾತಿಗೆ ನಗುತ್ತಿದ್ದವಳು ಒಳಗೊಳಗೇ ಪಾಠ ಕಲಿಯುತ್ತಿದ್ದಳಲ್ಲ. ಹೋಗುತ್ತೇನೆ ಅತ್ತೆ ಎಂದು ಒಂದು ಮಾತು ಹೇಳಿದ್ದರೆ ನಾನು ಕಣ್ಣುಮುಚ್ಚಿ ಮಲಗಿರುತ್ತಿದ್ದೆನೋ ಏನೋ. ನೀನು ನನ್ನನ್ನೂ ಅವನ ಜೊತೆಯೇ ಸೇರಿಸಿಬಿಟ್ಟಿ, ಶತ್ರುವಿನ ಮನೆಯ ಮುದುಕಿ ಎಂದು. ಆಯಿತು, ಹಾಗೆಯೇ ಆಗಲಿ ಎಂದುಕೊಂಡೆ. ಈಗ ಕರಿಮುದ್ರೆಯನ್ನು ಒಬ್ಬಳೇ ನೋಡುತ್ತೇನೆ, ಮೊದಲಿನಷ್ಟು ಚೆಂದ ಇಲ್ಲ.

ತೃಪ್ತಿಯ ಯೂನಿಫಾರ್ಮು ಬೇಡ, ಇಲ್ಲಿ ಬೇರೆ ಹೊಲಿಸಿದ್ದೇನೆ. ಕಾಲು ಬೆಳೆದಿದೆ, ಹಳೆಯ ಶೂಸನ್ನು ಕಳಿಸಬೇಡ. ನಿನ್ನ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ನೀನು ಎಲ್ಲಿದ್ದರೂ ಮೈಯಲ್ಲಿ ನಾಲ್ಕು ಹನಿ ರಕ್ತ ತುಂಬಿಕೊಂಡು ಚೆನ್ನಾಗಿರು, ಹಿರಿಯಳಾಗಿ ಹರಸುತ್ತೇನೆ.

ನಿನ್ನ ಅತ್ತೆ,
ಶಶಿಪ್ರಭಾ

ಮರೆತ ಮಾತು: ತುಕ್ರಪ್ಪ ಗಾಡಿ ಸ್ಟಾರ್ಟ್ ಮಾಡಿ ಹಾರ್ನು ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. "ಯಾಕೆ ಮಗಾ" ಎಂದು ಕೇಳಿದ್ದಿಯಲ್ಲ, ಅದಕ್ಕೆ ಉತ್ತರ. ತೃಪ್ತಿಗೆ ನಿನ್ನ ಮೇಲೆ ಯಾವ ಬೇಸರವೂ ಇಲ್ಲ. ಅಜ್ಜಿ ನೆರಳಿನ ದಳದವಳು ಎಂದು ಮೊದಲ ಭಾನುವಾರವೇ ಅದಕ್ಕೆ ಹೇಳಿ, ಅದನ್ನೂ ದಳಕ್ಕೆ ಸೇರಿಸಿಕೊಂಡೆ. "ಕರಿಮುದ್ರೆಯವರ ಪಟ್ಟಿಯಲ್ಲಿ ಅಮ್ಮನ ಹೆಸರು ಬಂದಿದೆ ಮಗಾ, ನೀನು ಅಮ್ಮನ ಜೊತೆಗಿರುವ ತನಕ ನಿನ್ನ ಜಾಡು ಹಿಡಿದು ಬಂದು ಅಮ್ಮನನ್ನು ಮುಗಿಸುತ್ತಾರೆ, ಜಡ್ಜರ ಎದುರು ಅಜ್ಜಿಯ ಮನೆ ಎಂದರೆ ಹೆಸರು ಅಳಿಸುತ್ತಾರೆ, ಅಮ್ಮನಿಗೆ ತಿಳಿಸಿದರೆ ಅವತ್ತೇ ಬಾಗಿಲಿಗೆ ಮೊಹರು" ಎಂದೆ. ಹದಿನಾಲ್ಕು ಭಾನುವಾರ ಕಳೆದವು, ನಿನ್ನ ಮಗಳು ಒಮ್ಮೆಯೂ ಬಾಯಿಬಿಡಲಿಲ್ಲ. ಚಿಲಕ ನೋಡುತ್ತಿದ್ದದ್ದು ನಿನಗಾಗಿ. ಈ ಪತ್ರವನ್ನು ವಕೀಲರಿಗೆ ತೋರಿಸಬೇಕೆನ್ನಿಸಿದರೆ ತೋರಿಸು, ಮಗುವನ್ನು ಮತ್ತೆ ಕರೆಸಿ ಕೇಳಿದರೆ ಅಜ್ಜಿ ಏನೂ ಹೇಳಿಕೊಟ್ಟಿಲ್ಲ ಎನ್ನುತ್ತದೆ, ಮೂರು ಸಲ ಕೇಳಿದರೂ. ಇದೆಲ್ಲ ಸುಳ್ಳು ಎಂದು ನೀನೇ ಕೂರಿಸಿ ಹೇಳಿದರೂ ನಂಬುವುದಿಲ್ಲ. ಅಮ್ಮ ಹಾಗೆ ಹೇಳಿದರೆ ಕರಿಮುದ್ರೆಯವರು ಅಮ್ಮನ ಕತ್ತು ಹಿಡಿದು ಹೇಳಿಸುತ್ತಿದ್ದಾರೆ ಎಂದು ತಿಳಿ ಎಂದಿದ್ದೇನೆ. ಸೋಮವಾರ ಹತ್ತು ಗಂಟೆಗೆ ಕಾರು ಬರುತ್ತದೆ. ಮಗು ನಗುತ್ತಾ ಹತ್ತುತ್ತದೆ, ಅಮ್ಮನನ್ನು ಉಳಿಸಿದೆ ಎಂಬ ಖುಷಿ ಅದಕ್ಕೆ. ನೀನೂ ನಗುತ್ತಾ ಕಳಿಸು. ಅತ್ತರೆ, ತಾನು ಹೇಳಿದ್ದು ಸಾಲಲಿಲ್ಲ, ಅಮ್ಮ ಇನ್ನು ಉಳಿಯುವುದಿಲ್ಲ ಎಂದು ದಾರಿಯುದ್ದಕ್ಕೂ ಹೆದರುತ್ತದೆ.