ಸೋಪಿನ ವಾಸನೆಯ ಟೀ

ಏ ಮೂಗೇಶ್ವರಿ,

‘ಪ್ರೀತಿಯ ನಾದಿನಿಗೆ’ ಎಂದು ಶುರು ಮಾಡಿ ಹೊಡೆದುಹಾಕಿದೆ. ಅದನ್ನು ಕಂಡರೆ ನೀನು ‘ಅತ್ತಿಗೆ, ಜ್ವರ ಗಿರ ಬಂದಿದೆಯಾ’ ಎಂದು ನನ್ನ ಹಣೆ ಮುಟ್ಟಿ ನೋಡುತ್ತೀಯ. ನಮಗೆ ಒಗ್ಗಿದ ಹೆಸರಿನಿಂದಲೇ ಕರೆಯುತ್ತೇನೆ.

ನಿನ್ನ ಹತ್ತಿರ ಮಾತಾಡುತ್ತಲೇ ಇರಬೇಕಂತೆ, ನಿನ್ನ ಕಿವಿಗೆ ಬೀಳುತ್ತಿರಬಹುದಂತೆ. ಹಾಗೆ ಹೇಳಿದ್ದು ವಾರ್ಡಿನ ಸಿಸ್ಟರ್. ಆದರೆ ಪರದೆಯ ಆಚೆ ಪಕ್ಕದ ಹಾಸಿಗೆಯ ಕಡೆಯವರು ಕೂತಿರುತ್ತಾರೆ. ಅವರು ಡಬ್ಬಿಯ ಮುಚ್ಚಳ ತೆಗೆಯುವ ಸದ್ದೂ ನನಗೆ ಕೇಳುತ್ತದೆ, ಅಂದಮೇಲೆ ನನ್ನ ಮಾತು ಅವರಿಗೆ ಕೇಳದೆ ಇರುತ್ತದೆಯೇ? ದಿನವಿಡೀ ಲಾಂಡ್ರಿಯ ಕೌಂಟರಿನಲ್ಲಿ ನಿಂತು, ಕಲೆ ಹೋಗಿಲ್ಲ ಎಂದು ಜಗಳಕ್ಕೆ ಬರುವವರ ಬಾಯಿ ಮುಚ್ಚಿಸುವವಳು ನಾನು. ನಿನ್ನ ಹಾಸಿಗೆಯ ಪಕ್ಕ ಕೂತರೆ ಮಾತೇ ಹೊರಡುವುದಿಲ್ಲ. ಅದಕ್ಕೇ ಈ ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ನಾಳೆ ಬೆಳಗ್ಗೆ ನಿನಗೆ ಓದಿ ಹೇಳುತ್ತೇನೆ. ಪರದೆಯ ಆಚೆಯವರು ಬೇಕಾದರೆ ಕೇಳಿಸಿಕೊಳ್ಳಲಿ.

ನಾಳೆ ಎಂದೆನಲ್ಲ, ಆ ನಾಳೆಯದೇ ಭಯ ನನಗೆ. ನಿನಗೆ ಯಾರೂ ಬಿಡಿಸಿ ಹೇಳಿರಲಾರರು, ನಾನೇ ಹೇಳುತ್ತೇನೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮುಗಿಸಿ ರಸ್ತೆ ದಾಟುವಾಗ ನಿನಗೆ ವ್ಯಾನು ಬಡಿಯಿತು. ತಲೆಗೆ ಪೆಟ್ಟಾಯಿತು. ಈಗ ಗಾಯ ಒಣಗಿದೆ, ಉಸಿರು ನೀನೇ ಆಡುತ್ತಿದ್ದೀಯ, ಕಣ್ಣು ಮಾತ್ರ ತೆರೆಯುತ್ತಿಲ್ಲ. ಕರೆದರೆ ಓಗೊಡುವುದಿಲ್ಲ, ಕೈ ಹಿಡಿದುಕೊಂಡರೆ ಹಿಡಿಯುವುದಿಲ್ಲ. ನಾಳೆ ದೊಡ್ಡ ಡಾಕ್ಟರು ತಮ್ಮ ಜೊತೆಯವರನ್ನೆಲ್ಲ ಕರೆದುಕೊಂಡು ಬಂದು ನಿನ್ನನ್ನು ನೋಡುತ್ತಾರೆ. ಹೊರಗಿನದು ನಿನ್ನ ಅರಿವಿಗೆ ತಾಕುತ್ತಿದೆ ಎನ್ನುವ ಒಂದೇ ಒಂದು ಗುರುತು ಕಂಡರೂ ಸಾಕು, ಇದೇ ವಾರ್ಡಿನಲ್ಲಿಟ್ಟು ಎಬ್ಬಿಸುವ ಚಿಕಿತ್ಸೆ ಮುಂದುವರಿಸುತ್ತಾರೆ. ಕಾಣದಿದ್ದರೆ ಮೇಲಿನ ಮಹಡಿಗೆ ಸಾಗಿಸುತ್ತಾರೆ.

ಆ ಮಹಡಿಯನ್ನು ನಾನು ಹೋಗಿ ನೋಡಿಕೊಂಡು ಬಂದೆ. ತುಂಬ ಚೊಕ್ಕಟವಾಗಿದೆ. ಹಾಸಿಗೆಯಲ್ಲಿದ್ದವರ ಮಗ್ಗುಲನ್ನು ಹೊತ್ತುಹೊತ್ತಿಗೆ ಬದಲಿಸುತ್ತಾರೆ, ಮೈ ಒರೆಸುತ್ತಾರೆ. ಅಂಗಾಲು ಉಜ್ಜುವವರಿಲ್ಲ, ಹೆಸರು ಹಿಡಿದು ಕೂಗುವವರಿಲ್ಲ. ಇಲ್ಲಿಂದ ಕೆಳಗೆ ವಾಪಸ್ ಬಂದವರು ಯಾರಾದರೂ ಇದ್ದಾರಾ ಎಂದು ಆಯಾಳನ್ನು ಕೇಳಿದೆ. ಅವಳು ಬಕೆಟ್ ಎತ್ತಿಕೊಂಡು ಆಚೆ ಹೋದಳು.

ನಿನ್ನಣ್ಣನ ವಿಷಯ ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ ಎಂದೇ ಹೇಳುತ್ತಿದ್ದೇನೆ. ಮೊನ್ನೆ ನಿನ್ನ ಹಸಿರು ಶಾಲು ಮಡಚಿಡುತ್ತಾ ‘ಈ ಬಣ್ಣ ಅಂದ್ರೆ ಅವಳಿಗೆ ಪ್ರಾಣ ಆಗಿತ್ತು’ ಎಂದರು. ಶಾಲನ್ನು ಕೈಯಿಂದ ಕಿತ್ತುಕೊಂಡೆ. ಅವಳು ಎಲ್ಲಿಗೂ ಹೋಗಿಲ್ಲ, ಹೋದವರ ಬಗ್ಗೆ ಮಾತಾಡುವ ಹಾಗೆ ಮಾತಾಡಬೇಡಿ ಎಂದು ಕೂಗಾಡಿದೆ. ಪಾಪ, ಆ ಮನುಷ್ಯ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರು, ನೀರು ಬಹಳ ಹೊತ್ತು ಸುರಿಯುತ್ತಲೇ ಇತ್ತು.

ನಿನ್ನ ಕಿವಿ ನನ್ನ ಮಾತನ್ನು ಯಾವ ಕಾಲಕ್ಕೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಈಗೇನು ತೆಗೆದುಕೊಳ್ಳುತ್ತದೆ? ನನಗೆ ನಂಬಿಕೆ ಇದ್ದದ್ದು ನಿನ್ನ ಮೂಗಿನ ಮೇಲೆ. ಅದರ ಪ್ರತಾಪ ನಾನು ಈ ಮನೆಗೆ ಬಂದ ಮಾರನೆಯ ಬೆಳಗ್ಗೆಯೇ ಕಂಡವಳು. ತವರಿನಿಂದ ತಂದ ಟೀ ಡಬ್ಬಿಯಿಂದಲೇ ಎಲ್ಲರಿಗೂ ಟೀ ಮಾಡಿ ತಂದಿದ್ದೆ. ಅತ್ತೆ ಇದ್ದರು, ಮಾವ ಇದ್ದರು, ಉಳಿದುಕೊಂಡಿದ್ದ ನೆಂಟರಿದ್ದರು. ಎಲ್ಲರೂ ತೆಪ್ಪಗೆ ಕುಡಿಯುತ್ತಿದ್ದರು. ಕಾಲೇಜಿಗೆ ಹೊರಟಿದ್ದ ನೀನು ಕಪ್ಪನ್ನು ಮುಖದ ಹತ್ತಿರ ತಂದೆ. ಮೊದಲು ಎಡಗಡೆಯ ಹೊಳ್ಳೆ ಮೇಲೆದ್ದಿತು. ಆಮೇಲೆ ಮೂಗಿನ ಬುಡದಲ್ಲಿ ಎರಡು ಗೆರೆ ಮೂಡಿದವು. ಕೊನೆಗೆ ಮೇಲಿನ ತುಟಿ ಸೊಟ್ಟಗಾಯಿತು. ‘ಅತ್ತಿಗೆ, ಟೀಗೆ ಸಕ್ಕರೆ ಬದಲು ಸೋಪು ಹಾಕಿದ್ದೀರಾ?’ ಎಂದು ಅಷ್ಟು ಜನರ ಮುಂದೆ ಕೇಳಿದೆ. ಮಾವನವರೂ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಈ ಜನ್ಮದಲ್ಲಿ ನಿನ್ನ ಹತ್ತಿರ ಮಾತಿಲ್ಲ ಎಂದು ತೀರ್ಮಾನಿಸಿ ಕೋಣೆ ಸೇರಿದ್ದೆ. ಮಧ್ಯಾಹ್ನ ನೀನೇ ಎರಡು ಕಪ್ಪು ಹಿಡಿದು ಬಂದು ಬಾಗಿಲು ಬಡಿದೆ. ‘ಕೋಪ ಆಮೇಲೆ ಮಾಡ್ಕೊಳ್ಳಿ ಅತ್ತಿಗೆ, ಮೊದಲು ಇವೆರಡನ್ನೂ ಮೂಸಿ ನೋಡಿ.’ ಒಂದು ನನ್ನ ಡಬ್ಬಿಯದು, ಇನ್ನೊಂದು ಮನೆಯದು. ಮೂಸಿದೆ, ಮತ್ತೆ ಮೂಸಿದೆ, ಏನೂ ವ್ಯತ್ಯಾಸ ತಿಳಿಯಲಿಲ್ಲ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಟೀ ಎಲೆ ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ನಿಮ್ಮ ಪೆಟ್ಟಿಗೆಯಲ್ಲಿ ಡಬ್ಬಿಯ ಜೊತೆ ಸೋಪು ಇದ್ದಿರಬೇಕು ಎಂದು ವಿವರಿಸಿದೆ. ಇತ್ತು. ಅಂದಿನಿಂದ ನಾನು ನಿನಗೆ ಸೋಪತ್ತಿಗೆ, ನೀನು ನನಗೆ ಮೂಗೇಶ್ವರಿ. ಬೈಯುವಾಗಲೂ ನೀನು ಬಹುವಚನ ಬಿಟ್ಟವಳಲ್ಲ.

ಆಮೇಲೆ ನನಗೆ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು, ದಿನವಿಡೀ ಸೋಪಿನ ವಾಸನೆಯಲ್ಲಿ ಮುಳುಗಿ ನನ್ನ ಮೂಗಿನ ಕಥೆ ಅಲ್ಲಿಗೆ ಮುಗಿಯಿತು. ಆದರೂ ಭಾನುವಾರ ಮಧ್ಯಾಹ್ನ ನನ್ನನ್ನು ಈ ಮೇಜಿನ ಮುಂದೆ ಕೂರಿಸಿ ಪಾಠ ಮಾಡುವುದನ್ನು ನೀನು ಬಿಡಲಿಲ್ಲ. ಟೀ ಅಂಗಡಿಯ ಅಜ್ಜ ಕೊಟ್ಟ ಚಿಟಿಕೆ ಚಿಟಿಕೆ ಸ್ಯಾಂಪಲ್ ಪೊಟ್ಟಣಗಳು, ಬಿಳಿ ಬಟ್ಟಲುಗಳು, ಜಾಲರಿ. ಮೊದಲು ತೆಳುವಾದದ್ದು, ಕಡುವಾದದ್ದು ಕೊನೆಗೆ. ಹಸಿರು ಎಲೆಗೆ ಕುದಿಯುವ ನೀರು ಹಾಕಬಾರದು, ಅದು ತಣ್ಣಗೆ ಉಸಿರು ಬಿಡುವವರೆಗೆ ಕಾಯಬೇಕು. ಹೂವು, ಬೇರು, ಸಿಪ್ಪೆಗಳನ್ನು ತಟ್ಟೆ ಮುಚ್ಚಿ ಹೆಚ್ಚು ಹೊತ್ತು ಬಿಡಬೇಕು. ಸೊರ್ ಎಂದು ಎಳೆದು ಕುಡಿಯಬೇಕು, ನಾಚಿಕೆ ಪಡಬಾರದು. ಗುಲಾಬಿ ಬೆರೆಸಿದ್ದನ್ನು ಮೂಸಿ ನೀನು ಮುದುಕಿಯ ಟ್ರಂಕು ಎನ್ನುತ್ತಿದ್ದೆ. ಹೊಗೆಯಲ್ಲಿ ಒಣಗಿಸಿದ ಕರಿ ಎಲೆಗೆ ಸುಟ್ಟ ಮನೆ ಎಂದು ಹೆಸರಿಟ್ಟಿದ್ದೆ. ನಾನು ಎಲ್ಲದಕ್ಕೂ ಚೆನ್ನಾಗಿದೆ ಎನ್ನುತ್ತಿದ್ದೆ. ‘ನಿಮ್ಮ ನಾಲಿಗೆ ಯಾರ ಮನಸ್ಸೂ ನೋಯಿಸಲ್ಲ ಬಿಡಿ’ ಎನ್ನುತ್ತಿದ್ದೆ ನೀನು. ನಿನ್ನಣ್ಣ ಬಾಗಿಲಲ್ಲಿ ನಿಂತು, ಹಾಲು ಹಾಕಿದ ನಿಜವಾದ ಟೀ ಈ ಮನೆಯಲ್ಲಿ ಯಾವಾಗ ಸಿಗುತ್ತದೆ ಎಂದು ಕೇಳಿ ಹೋಗುತ್ತಿದ್ದರು.

ಗಂಡನ ಮನೆ ಬಿಟ್ಟು ಸೂಟ್‌ಕೇಸ್ ಹಿಡಿದು ನೀನು ವಾಪಸ್ ಬಂದ ದಿನ ನಾನು ಏನೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ನೀರು ಕಾಯಿಸಿ, ನಿನಗೆ ಇಷ್ಟವಾದ ಕಿತ್ತಳೆ ಸಿಪ್ಪೆಯ ಟೀ ಮಾಡಿ ಮುಂದಿಟ್ಟೆ. ನೀನು ಬಟ್ಟಲಿನೊಳಗೇ ಕಣ್ಣೀರು ಬೀಳಿಸಿಕೊಂಡು ಅರ್ಧ ಕುಡಿದೆ. ಆಮೇಲೆ ಮೂಗು ಒರೆಸಿಕೊಂಡು ‘ನೀರು ಜಾಸ್ತಿ ಕುದಿಸಿದ್ದೀರಿ’ ಎಂದೆ. ಸದ್ಯ, ಹುಡುಗಿ ಬದುಕುತ್ತಾಳೆ ಎಂದು ನನಗೆ ಆಗಲೇ ಧೈರ್ಯ ಬಂತು.

ಅದೇ ನೆನಪಿನಲ್ಲಿ ಸಿಸ್ಟರ್ ಹತ್ತಿರ ಕೇಳಿದೆ. ಪರಿಚಿತ ವಾಸನೆ ಕೆಲವರನ್ನು ಎಚ್ಚರಿಸುವುದುಂಟು, ಆದರೆ ಒಂದು ಹನಿಯೂ ತುಟಿಗೆ ತಾಕಬಾರದು, ಬರೀ ಹತ್ತಿರ ಹಿಡಿಯಿರಿ ಎಂದರು. ನಾನು ಟೀ ಅಂಗಡಿಗೆ ಓಡಿದೆ. ಅಜ್ಜ ನನ್ನೊಬ್ಬಳನ್ನೇ ಕಂಡು ‘ಏನಮ್ಮಾ, ಮೂಗನ್ನ ಮನೇಲಿ ಬಿಟ್ಟು ಬಂದ್ಯಾ’ ಎಂದು ನಕ್ಕರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಅವಳಿಗೆ ನೆಗಡಿ ಆಗಿದೆ ಅಜ್ಜ ಎಂದೆ. ಎಲ್ಲ ಸ್ಯಾಂಪಲ್ಲುಗಳನ್ನೂ ಕಟ್ಟಿಕೊಟ್ಟು, ನೆಗಡಿಗೆ ಒಳ್ಳೆಯದು ಎಂದು ಒಂದು ಹಿಡಿ ಒಣಪುದೀನವನ್ನು ತಾವಾಗಿ ಸೇರಿಸಿದರು. ದಾರಿಯುದ್ದಕ್ಕೂ ಆ ಪೊಟ್ಟಣವನ್ನು ಎದೆಗೆ ಒತ್ತಿಕೊಂಡು ಅಳುತ್ತಾ ಬಂದೆ. ಜನ ನೋಡಿದರು, ನೋಡಿಕೊಳ್ಳಲಿ.

ನೀನು ಹೇಳಿಕೊಟ್ಟದ್ದರಲ್ಲಿ ಒಂದನ್ನೂ ಬಿಡಲಿಲ್ಲ ಕಣೆ. ದಿನಾ ಬೆಳಗ್ಗೆ ಎದ್ದು ಅಳತೆಯ ಚಮಚ ಹಿಡಿದು ನಿಂತೆ. ನೀರು ಶಾಂತವಾಗಲಿ ಎಂದು ಕಾದೆ. ಒಂದರ ವಾಸನೆ ಇನ್ನೊಂದಕ್ಕೆ ಹತ್ತಬಾರದೆಂದು ಪಕ್ಕದ ಮನೆಯವರ ಫ್ಲಾಸ್ಕುಗಳನ್ನೂ ಕೇಳಿ ತಂದೆ. ದಿನಕ್ಕೊಂದರಂತೆ, ತೆಳುವಾದದ್ದರಿಂದ ಶುರು ಮಾಡಿದೆ. ಕ್ಯಾಮೊಮೈಲ್ ಹೂವು, ನಿಂಬೆಹುಲ್ಲು, ಮಲ್ಲಿಗೆ ಬೆರೆಸಿದ ಹಸಿರು ಎಲೆ, ಅಜ್ಜನ ಪುದೀನ, ಶುಂಠಿ ಚಕ್ಕೆ ಹಾಕಿದ್ದು. ಕಿತ್ತಳೆ ಸಿಪ್ಪೆಯ ದಿನ ನನಗೆ ಖಂಡಿತ ಆಸೆ ಇತ್ತು. ಮುಚ್ಚಳ ತೆಗೆದು ನಿನ್ನ ಮೂಗಿನ ಕೆಳಗೆ ಹಿಡಿದು, ಆ ಎಡಗಡೆಯ ಹೊಳ್ಳೆಯನ್ನೇ ನೋಡುತ್ತಾ ನಿಂತೆ. ನಿನ್ನ ಮುಖ ಇಸ್ತ್ರಿ ಮಾಡಿದ ದಿಂಬಿನ ಚೀಲದ ಹಾಗೆ ಒಂದು ಸುಕ್ಕೂ ಇಲ್ಲದೆ ಇತ್ತು. ಆವಿ ನಿನ್ನ ತುಟಿಯ ಮೇಲೆ ಸಣ್ಣಗೆ ಪಸೆ ಕಟ್ಟಿತು, ನಾನು ಒರೆಸಿದೆ.

ಇವತ್ತು ಉಳಿದದ್ದು ಸುಟ್ಟ ಮನೆ ಒಂದೇ. ಸತ್ತವರನ್ನೂ ಎಬ್ಬಿಸುತ್ತದೆ ಎಂದು ನೀನೇ ಅನ್ನುತ್ತಿದ್ದ ಟೀ. ಅದಕ್ಕೂ ನೀನು ಅಲುಗಲಿಲ್ಲ. ಆಗ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. ಪರದೆಯ ಆಚೆ ಯಾರಿದ್ದಾರೆ ಎಂದೂ ನೋಡದೆ ನಿನ್ನನ್ನು ಬೈದೆ. ಸೊಕ್ಕಿನವಳೇ, ಕಲ್ಲಿನಂಥವಳೇ, ಇಷ್ಟು ದಿನ ನನ್ನನ್ನು ಆಡಿಸಿ ನೋಡಿದ್ದು ಸಾಲದೇ ಎಂದೆ. ಬೈದು ಬೈದು ಸುಸ್ತಾಗಿ ಸ್ಟೂಲಿನ ಮೇಲೆ ಕುಸಿದೆ. ಬೆಳಗ್ಗೆ ಆತುರದಲ್ಲಿ ನನಗೆಂದು, ಕಪಾಟಿನಲ್ಲಿ ತಡಕಾಡಿ ಸಿಕ್ಕ ನನ್ನ ಡಬ್ಬಿಯಿಂದ ಟೀ ಕುದಿಸಿ ತಂದದ್ದು ಚೀಲದಲ್ಲಿತ್ತು. ಅದನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದೆ. ಚೆನ್ನಾಗಿಯೇ ಇತ್ತು. ನಿನ್ನ ಹೊದಿಕೆ ಜಾರಿತ್ತು, ಸರಿ ಮಾಡೋಣವೆಂದು ಟೀ ಹಿಡಿದುಕೊಂಡೇ ನಿನ್ನ ಮೇಲೆ ಬಾಗಿದೆ.

ನಿನ್ನ ಎಡಗಡೆಯ ಹೊಳ್ಳೆ ಮೇಲೆದ್ದಿತು. ಮೂಗಿನ ಬುಡದಲ್ಲಿ ಎರಡು ಗೆರೆ ಮೂಡಿದವು. ಮೇಲಿನ ತುಟಿ ಸೊಟ್ಟಗಾಯಿತು.

ನಾನು ಕಿರುಚಿದೆ ಅನಿಸುತ್ತದೆ, ಸಿಸ್ಟರ್ ಓಡಿ ಬಂದರು. ಸುಟ್ಟ ಮನೆಯ ಫ್ಲಾಸ್ಕು ಹಿಡಿದೆವು, ಏನೂ ಆಗಲಿಲ್ಲ. ನನ್ನ ಟೀ ಹಿಡಿದೆವು, ಮತ್ತೆ ಅದೇ ಹೊಳ್ಳೆ, ಅದೇ ಗೆರೆ. ಸಿಸ್ಟರ್ ಫ್ಲಾಸ್ಕು ಇಸಿದುಕೊಂಡು ಮೂಸಿ ಮುಖ ಹಿಂಡಿ, ‘ಏನಮ್ಮ ಇದು, ಬಟ್ಟೆ ಒಗೆದ ನೀರಾ?’ ಎಂದರು. ನನಗೆ ಆಗ ಹೊಳೆಯಿತು. ಮನೆಗೆ ಬಂದು ಕಪಾಟು ತೆಗೆದು ನೋಡಿದರೆ, ಈ ಗಡಿಬಿಡಿಯಲ್ಲಿ ಯಾರೋ ಲಾಂಡ್ರಿಯ ಸೋಪಿನ ಪುಡಿಯ ಪ್ಯಾಕೆಟ್ಟುಗಳ ನಡುವೆ ನನ್ನ ಟೀ ಡಬ್ಬಿ ತುರುಕಿದ್ದಾರೆ. ಮುಚ್ಚಳವೂ ಸಡಿಲ. ನನ್ನ ಮೂಗಿಗೆ ಅದು ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಆದರೆ ಹೇಳಬೇಕಾದ್ದು ಇನ್ನೂ ಇದೆ. ಡ್ಯೂಟಿ ಡಾಕ್ಟರನ್ನು ಕರೆತಂದು ಮೂರನೇ ಸಲ ಹಿಡಿದಾಗ ನೀನು ಸುಮ್ಮನೆ ಮಲಗಿಬಿಟ್ಟೆ. ಫ್ಲಾಸ್ಕು ಅಷ್ಟರಲ್ಲಿ ಆರಿತ್ತು. ಅವರು ಒಳ್ಳೆಯವರೇ, ಆದರೂ ನಿದ್ದೆಯಲ್ಲಿ ರೆಪ್ಪೆ ಅದುರಿದ ಹಾಗೆ ಇದೂ ತಂತಾನೇ ಆಗಿರಬಹುದು ಎಂದರು. ನಾಳೆ ಎಲ್ಲರೂ ಇರುವಾಗ ಮತ್ತೆ ಹಿಡಿಯಿರಿ, ಆಗ ಕಂಡರೆ ಬರೆದುಕೊಳ್ಳುತ್ತೇವೆ, ಕಾಣದಿದ್ದರೆ ನಾವೇನೂ ಮಾಡುವ ಹಾಗಿಲ್ಲ ಎಂದರು. ತಂತಾನೇ ಆಗುವುದಂತೆ! ಆ ಮುಖವನ್ನು ನಾನು ಬಲ್ಲೆ. ಅದು ಈ ಪ್ರಪಂಚದಲ್ಲಿ ನನಗೊಬ್ಬಳಿಗೇ ಮೀಸಲಿಟ್ಟ ಮುಖ. ಆದರೆ ನಾನು ಬಲ್ಲೆ ಎಂದರೆ ಅವರಿಗೆ ಸಾಲದು. ಇನ್ನೇನು ಮಾಡಲಿ, ಯಾರ ಕಾಲು ಹಿಡಿಯಲಿ?

ನಿನ್ನಣ್ಣನಿಗೆ ಎಲ್ಲ ಹೇಳಿದೆ. ಎದ್ದುಹೋಗಿ ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಈಗ ಇನ್ನೊಂದು ಪ್ಯಾಕೆಟ್ ಒಡೆದು, ಟೀ ಡಬ್ಬಿಯ ಸುತ್ತ ಸೋಪಿನ ಪುಡಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತಿ ಇಡುತ್ತಿದ್ದಾರೆ. ‘ಮುಚ್ಚಳ ಪೂರ್ತಿ ತೆಗೆದಿಡ್ತೀನಿ. ನಮ್ಮ ಹುಡುಗಿ ಮೂಗು ಚುರುಕಾಗಿದೆ, ಗೊತ್ತಾಗುತ್ತೆ ಅವಳಿಗೆ’ ಎಂದರು. ಕೇಳಿಸಿತಾ? ಇತ್ತು ಎನ್ನಲಿಲ್ಲ, ಇದೆ ಎಂದರು.

ಬೆಳಗ್ಗೆ ಒಲೆಯ ಮೇಲಿಂದ ಇಳಿಸಿದ್ದನ್ನು ಬಿಸಿ ಆರದ ಹಾಗೆ ತರುತ್ತೇನೆ. ನೀರನ್ನು ಬೇಕೆಂದೇ ಜಾಸ್ತಿ ಕುದಿಸುತ್ತೇನೆ. ಕೋಣೆ ತುಂಬ ಬಿಳಿಕೋಟಿನವರು ನಿಂತಿರುತ್ತಾರೆ, ನಿನ್ನಣ್ಣ ಇರುತ್ತಾರೆ, ಪರದೆಯ ಆಚೆಯವರೂ ಇಣುಕುತ್ತಿರುತ್ತಾರೆ. ದಮ್ಮಯ್ಯ ಕಣೆ, ಆಗ ಮಾತ್ರ ಸುಮ್ಮನಿರಬೇಡ. ನಾನು ಬಂದ ಮೊದಲ ಬೆಳಗ್ಗೆ ಮಾಡಿದೆಯಲ್ಲ, ಹಾಗೇ ಅಷ್ಟೂ ಜನರ ಮುಂದೆ ಮೂಗು ಮುರಿದು ನನ್ನ ಮಾನ ತೆಗೆ. ಈ ಸಲ ನಾನು ಕೋಣೆ ಸೇರುವುದಿಲ್ಲ, ಅಲ್ಲೇ ನಿಂತಿರುತ್ತೇನೆ.

ನಿನ್ನ ಮೂಗು ನೂರು ವರ್ಷ ಚೆನ್ನಾಗಿರಲಿ.

ಟೀ ಕುದಿಸಿಕೊಂಡು ಬರುತ್ತಿರುವ,
ನಿನ್ನ ಸೋಪತ್ತಿಗೆ